ನಿತ್ಯಾ ಗಣೇಶ್, ಎರಡು ನಿಮಿಷ ಮೂವತ್ತಾರು

ಹೋದ ತಿಂಗಳು ಒಂದು ವಾರದ ಮಟ್ಟಿಗೆ ಮತ್ತೆ ಕ್ವಾಲಾಲಂಪುರಕ್ಕೆ ಹೋಗಿ ಬಂದೆ. ಮಾಂಟ್ ಕಿಯಾರಾದಲ್ಲಿ, ಹಿಂದೆ ನಾವೂ ಇದ್ದ ಕಟ್ಟಡದಲ್ಲೇ ಇರುವ ಗೆಳತಿಯ ಮನೆಯಲ್ಲಿ ಇಳಿದುಕೊಂಡಿದ್ದೆ. ಲಿಫ್ಟಿನೊಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬಡಿದದ್ದು ಹಳೆಯ ವಾಸನೆ: ಸ್ಯಾನಿಟೈಸರ್, ಕೆಳಗಿನ ಈಜುಕೊಳದ ಕ್ಲೋರಿನ್, ಯಾರದೋ ಒದ್ದೆ ಟವೆಲು, ಮೂರೂ ಕಲಸಿಕೊಂಡದ್ದು. ಗುಂಡಿಗಳ ಮೇಲೆ ಆಗ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಯಾರೂ ಕಿತ್ತಿರಲಿಲ್ಲ. ಹನ್ನೆರಡನೇ ಮಹಡಿ ಬರುವಷ್ಟರಲ್ಲಿ 2020ನೆಯ ಇಸವಿ ಇಡಿಯಾಗಿ ನನ್ನ ಪಕ್ಕದಲ್ಲಿ ಬಂದು ನಿಂತಿತ್ತು. ಮರೆತಿದ್ದೆ ಎಂದಲ್ಲ. ನಾನು ಮರೆತರೂ ಅದು ನನ್ನನ್ನು ಮರೆಯುವುದಿಲ್ಲ.

ಆಗ ನಾನು ಅಲ್ಲಿನ ಒಂದು ಅಂತಾರಾಷ್ಟ್ರೀಯ ಶಾಲೆಯಲ್ಲಿ ಈಜಿನ ಸಹಾಯಕ ಕೋಚ್ ಆಗಿದ್ದೆ. ಗಂಡನ ಕೆಲಸ ಊರಾಚೆಯ ಐಟಿ ನಗರ ಸೈಬರ್‌ಜಯಾದಲ್ಲಿ. ಅವರ ಬೆನ್ನಿಗೆ ಬೆಂಗಳೂರಿನಿಂದ ಬಂದವಳು. ಹುಡುಗಿಯಾಗಿದ್ದಾಗ ರಾಜ್ಯದ ತಂಡದಲ್ಲಿ ಈಜಿದ್ದೆ. ಹತ್ತನೇ ಕ್ಲಾಸು ಬಂದಾಗ, ಇನ್ನು ಸಾಕು, ಮೈಬಣ್ಣ ಸುಟ್ಟುಹೋಗುತ್ತೆ, ಕೂದಲು ತೆಂಗಿನ ನಾರಾಗುತ್ತೆ ಎಂದು ಅಮ್ಮ ನಿಲ್ಲಿಸಿಬಿಟ್ಟರು. ನಾನೂ ಬಾಯಿ ಮುಚ್ಚಿಕೊಂಡು ನಿಲ್ಲಿಸಿದೆ. ಆ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ ನನ್ನಲ್ಲಿ ಎಷ್ಟು ಆಳವಾಗಿತ್ತು ಎನ್ನುವುದು ಬಹಳ ವರ್ಷಗಳ ಮೇಲೆ ಗೊತ್ತಾಯಿತು.

ಶಾಲೆಯಲ್ಲಿ ಕೊಳದ ಕೆಲಸದ ಜೊತೆಗೆ ನನಗೆ ಇನ್ನೊಂದು ಕೆಲಸವೂ ಇತ್ತು. ಚೆನ್ನಾಗಿ ಈಜುವ ಮಕ್ಕಳಿಗೆ ಅಮೆರಿಕದ ಕಾಲೇಜು ತಂಡಗಳನ್ನು ಸೇರುವ ದಾರಿ ತೋರಿಸುವುದು. ಅಲ್ಲಿನ ಕೋಚ್‌ಗಳು ದೇಶದೇಶಗಳಿಂದ ಮಕ್ಕಳನ್ನು ಆರಿಸಿಕೊಳ್ಳುತ್ತಾರೆ, ಓದಿಗೆ ವಿದ್ಯಾರ್ಥಿವೇತನ ಕೊಡುತ್ತಾರೆ. ಆದರೆ ನಮ್ಮನ್ನು ಹುಡುಕಿಕೊಂಡು ಮನೆಬಾಗಿಲಿಗೆ ಬರುವುದಿಲ್ಲ. ಮಕ್ಕಳೇ ಪತ್ರ ಬರೆಯಬೇಕು, ಟೈಮು ತಿಳಿಸಬೇಕು, ವಿಡಿಯೊ ಕಳಿಸಬೇಕು, ಅಂಕಪಟ್ಟಿ ಲಗತ್ತಿಸಬೇಕು. ಒಟ್ಟಿನಲ್ಲಿ ಹೆಣ್ಣು ತೋರಿಸುವ ಶಾಸ್ತ್ರ. ಜಾತಕದ ಬದಲು ಟೈಮು. ಉತ್ತರಗಳೂ ಗಂಡಿನ ಕಡೆಯವರ ಧಾಟಿಯವೇ. ಇವರು ‘ಸಂಪರ್ಕದಲ್ಲಿರಿ, ಹೊಸ ಟೈಮು ಬಂದರೆ ತಿಳಿಸಿ’ ಎಂದು ಬರೆಯುತ್ತಾರೆ, ಅವರು ‘ಊರಿಗೆ ಹೋಗಿ ಕಾಗದ ಬರೀತೀವಿ’ ಎನ್ನುತ್ತಿದ್ದರು. ಉಪ್ಪಿಟ್ಟು, ಕೇಸರಿಬಾತಿನ ಖರ್ಚೊಂದು ಉಳಿಯಿತು ಎನ್ನಬೇಕು ಅಷ್ಟೆ.

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಆ ಪತ್ರಗಳನ್ನು ಓದಿ ಅಪ್ಪಅಮ್ಮಂದಿರಿಗೆ ಅರ್ಥ ಹೇಳುವುದು ನನ್ನ ಕೆಲಸ. ಇದು ಬೇಡ ಎಂದು, ಇದು ನೋಡೋಣ ಎಂದು, ಇದು ನಿಜವಾಗಿ ಹೌದು ಎಂದು. ನಿಜವಾದ ಹೌದು ಬಂದದ್ದು ನನ್ನ ಕಾಲದಲ್ಲಿ ಒಂದೇ ಸಲ. ಅದು ನಿತ್ಯಾಳಿಗೆ.

ನಿತ್ಯಾ ಮೈಸೂರಿನವರ ಮಗಳು. ಅಪ್ಪ ಗಣೇಶ್ ನನ್ನ ಗಂಡನ ಹಾಗೆಯೇ ಸೈಬರ್‌ಜಯಾದಲ್ಲಿ ಕೆಲಸಕ್ಕಿದ್ದವರು, ಅಮ್ಮ ಶೋಭಾ. ಮಾಂಟ್ ಕಿಯಾರಾದಲ್ಲಿ, ನಮ್ಮ ಕಟ್ಟಡದಲ್ಲೇ ಬೆಳೆದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ನಾವು ಏನೇ ಕೇಳಲಿ, ಉತ್ತರ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅವಳು ಕರೆಯುತ್ತಿದ್ದದ್ದು ‘ಅಮ್ಮ’, ‘ಅಪ್ಪ’ ಎಂದಷ್ಟೇ. ನಾನು ‘ಸುಮಾ ಆಂಟಿ’. ಇನ್ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಅವಳ ಈಜು, ಕಪ್ಪೆಯ ಹಾಗೆ ಕಾಲು ಝಾಡಿಸುವುದು. ಅವಳ ಅತ್ಯುತ್ತಮ ಟೈಮು ಎರಡು ನಿಮಿಷ ನಲವತ್ತೈದು ಸೆಕೆಂಡು. ಒಳ್ಳೆಯ ಟೈಮೇ. ಆದರೆ ಅಮೆರಿಕದವರು ಬಾಗಿಲು ತೆರೆದು ಬನ್ನಿ ಎನ್ನುವಂಥದ್ದಲ್ಲ.

ಇಲ್ಲಿ ಹೆಸರಿನ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ಆದದ್ದು ಅದರಿಂದ. ನಮ್ಮ ಕಡೆ ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದೆ ಕೂರುತ್ತದೆ: ಜಿ. ನಿತ್ಯಾ. ಪರದೇಶಕ್ಕೆ ಹೋದರೆ ಅಲ್ಲಿನ ಫಾರಂಗಳಲ್ಲಿ ಉಪನಾಮದ ಖಾಲಿ ಜಾಗ ಬಾಯಿ ತೆರೆದುಕೊಂಡಿರುತ್ತದೆ. ಆಗ ಅಪ್ಪನನ್ನು ಮುಂದಿನ ಸೀಟಿನಿಂದ ಎಬ್ಬಿಸಿ ಹಿಂದೆ ಕೂರಿಸುತ್ತೇವೆ: ನಿತ್ಯಾ ಗಣೇಶ್. ಮಲೇಷ್ಯಾದ ತಮಿಳರು ಮಗಳ ಹೆಸರಿಗೂ ಅಪ್ಪನ ಹೆಸರಿಗೂ ನಡುವೆ ಎ/ಪಿ ಎಂದು ಹಾಕುತ್ತಾರೆ, ಇಂಥವರ ಮಗಳು ಎಂಬರ್ಥದ ಮಲಯ ಮಾತಿನ ಮೊದಲಕ್ಷರಗಳು. ಈಜುಸ್ಪರ್ಧೆಗಳ ಫಲಿತಾಂಶದ ಪಟ್ಟಿಗಳಲ್ಲಿ ಎಷ್ಟೋ ಸಲ ಆ ಎ/ಪಿ ಉದುರಿಹೋಗುತ್ತದೆ. ಇನ್ನೊಂದು ಸಣ್ಣ ವಿಷಯ. ‘ತ’ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಟಿ ಪಕ್ಕ ಎಚ್ ಹಾಕುವವರು ನಾವು ದಕ್ಷಿಣದವರು. ಕನ್ನಡಿಗರೂ ಹಾಕುತ್ತೇವೆ, ತಮಿಳರೂ ಹಾಕುತ್ತಾರೆ. ಇಬ್ಬರಲ್ಲಿ ಒಬ್ಬಳು ಉತ್ತರದವಳಾಗಿದ್ದರೆ ಆ ಎಚ್ ಇರುತ್ತಿರಲಿಲ್ಲ, ಇಬ್ಬರೂ ಬೇರೆಬೇರೆಯಾಗಿಯೇ ಉಳಿಯುತ್ತಿದ್ದರು.

ಯಾಕೆಂದರೆ ಇನ್ನೊಬ್ಬಳಿದ್ದಳು, ಊರಿನ ಭಾರತೀಯರ ಬೀದಿಗಳ ಕಡೆಯ ತಮಿಳು ಹುಡುಗಿ. ಬ್ರಿಕ್‌ಫೀಲ್ಡ್ಸ್‌ನ ನಿತ್ಯಾ. ಅವಳ ಅಪ್ಪನೂ ಗಣೇಶ್, ಅಲ್ಲಿನ ದೇವಸ್ಥಾನದ ಬೀದಿಯಲ್ಲಿ ಹೂ ಕಟ್ಟಿ ಮಾರುವವರು. ಇಬ್ಬರೂ ಹುಟ್ಟಿದ್ದು ಒಂದೇ ವರ್ಷ. 2019ರಲ್ಲಿ ನಮ್ಮ ಶಾಲೆಯ ಕೊಳ ರಿಪೇರಿಗೆ ಬಂದು ನಾವು ಮೂರು ತಿಂಗಳು ಸಾರ್ವಜನಿಕ ಕೊಳಕ್ಕೆ ಹೋಗುತ್ತಿದ್ದಾಗ ಅವಳನ್ನು ನೋಡಿದೆ. ಮೂರನೇ ಲೇನಿನಲ್ಲಿ ಒಂದು ಹುಡುಗಿ ಬ್ರೆಸ್ಟ್‌ಸ್ಟ್ರೋಕ್ ಈಜುತ್ತಿದ್ದಳು, ಸದ್ದೇ ಇಲ್ಲ. ಕಾಲು ಝಾಡಿಸಿದ ಮೇಲೆ ನೀರಿನೊಳಗೆ ಜಾರುವ ಒಂದು ಗಳಿಗೆ ಇದೆಯಲ್ಲ, ಅಲ್ಲಿ ಅವಸರ ಮಾಡದವರು ಬಹಳ ಕಡಿಮೆ. ಅವಳು ಮಾಡುತ್ತಿರಲಿಲ್ಲ. ನನ್ನ ಮಕ್ಕಳಿಗೆ ಪಾಠ ಹೇಳುವುದನ್ನು ಬಿಟ್ಟು ಅವಳನ್ನೇ ನೋಡುತ್ತ ನಿಂತೆ.

ಆ ವರ್ಷದ ಕೊನೆಯಲ್ಲಿ ಒಂದು ಸ್ಪರ್ಧೆಯಲ್ಲಿ ಅವಳು ಎರಡು ನಿಮಿಷ ಮೂವತ್ತಾರರಲ್ಲಿ ಮುಗಿಸಿದಳು. ನಮ್ಮ ನಿತ್ಯಾಳಿಗಿಂತ ಒಂಬತ್ತು ಸೆಕೆಂಡು ಮುಂದೆ. ಒಂಬತ್ತು ಸೆಕೆಂಡು ಅಂದರೆ ಒಬ್ಬಳು ಗೋಡೆ ಮುಟ್ಟಿ, ಗಾಗಲ್ಸ್ ತೆಗೆದು, ಟೈಮು ನೋಡಿಕೊಂಡು, ಅಪ್ಪ ಎಲ್ಲಿ ಎಂದು ಗ್ಯಾಲರಿಯಲ್ಲಿ ಹುಡುಕುವಾಗಲೂ ಇನ್ನೊಬ್ಬಳು ನೀರಿನಲ್ಲೇ ಇರುವುದು. ಆ ದಿನ ಉತ್ಸಾಹ ತಡೆಯಲಾರದೆ ಅವಳನ್ನು ಕರೆದು, ಸ್ಪರ್ಧೆಯ ಪಟ್ಟಿಯ ಹಿಂಬದಿಯಲ್ಲಿ ಅಮೆರಿಕದ ಹತ್ತು ಕಾಲೇಜುಗಳ ಹೆಸರು ಬರೆದುಕೊಟ್ಟೆ. ಈ ಟೈಮು ಇಟ್ಟುಕೊಂಡು ಇವರಿಗೆಲ್ಲ ಬರೆ, ಸಮಯ ಬಂದಾಗ ಬರೆ, ನಿನ್ನನ್ನು ಕರೆದೇ ಕರೆಯುತ್ತಾರೆ ಎಂದೆ. ಅವಳು ಆ ಹಾಳೆಯನ್ನು ಮಡಚಿ ಈಜುಟೋಪಿಯೊಳಗೆ ಇಟ್ಟುಕೊಂಡಳು. ಕೈ ಒದ್ದೆಯಿದೆ, ಅಕ್ಷರ ಅಳಿಸೀತು ಅಂದದ್ದಕ್ಕೆ ನಕ್ಕಳು. ಆಮೇಲೆ ನಾನು ಅದನ್ನು ಮರೆತೆ. ದಾನ ಮಾಡಿದವರಿಗೆ ಮರೆಯುವುದು ಸುಲಭ.

2020ರ ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ಮನೆಯ ಯಜಮಾನ ಒಬ್ಬರೇ ದಿನಸಿಗೆ ಹೋಗಬಹುದು, ಅದೂ ಹತ್ತು ಕಿಲೋಮೀಟರಿನೊಳಗೆ. ರಸ್ತೆಗೆ ಅಡ್ಡಲಾಗಿ ಪೊಲೀಸರು. ಕೆಳಗೆ ನೋಡಿದರೆ ಕೊಳದ ಸುತ್ತ ಕೆಂಪುಬಿಳಿ ಪಟ್ಟಿ ಕಟ್ಟಿದ್ದರು. ನೀರು ನಿಂತಲ್ಲೇ ನಿಂತಿತ್ತು, ಎಲೆಗಳು ತಳಕ್ಕೆ ಹೋಗಿ ಕೂತಿದ್ದವು. ದಿನವೂ ನಾಲ್ಕು ಗಂಟೆಗೆ ಸರಿಯಾಗಿ ಗುಡುಗು, ಮಳೆ. ಮಿಂಚಿದಾಗ ಕೊಳದಿಂದ ಹೊರಗೆ ಬನ್ನಿ ಎಂದು ಕೂಗುವ ಸೈರನ್ನು ಮಾತ್ರ ಯಾರೂ ಆರಿಸಿರಲಿಲ್ಲ. ಒಬ್ಬರೂ ಇಲ್ಲದ ನೀರಿಗೆ ಅದು ದಿನವೂ ಕೂಗಿ ಹೇಳುತ್ತಿತ್ತು.

ನಿತ್ಯಾ ಬಾಲ್ಕನಿಯ ಕಂಬಿಗೆ ರಬ್ಬರ್ ಪಟ್ಟಿ ಕಟ್ಟಿ ಕೈ ಎಳೆಯುತ್ತಿದ್ದಳು. ಊಟದ ಬೆಂಚಿನ ಮೇಲೆ ಬೋರಲು ಮಲಗಿ ಕಾಲು ಬಡಿಯುತ್ತಿದ್ದಳು, ಶೋಭಾ ವಿಡಿಯೊ ಮಾಡಿ ಕಳಿಸುತ್ತಿದ್ದರು. ಜುಲೈ ಹೊತ್ತಿಗೆ ಒಂದು ಮನೆಗೆ ಒಂದು ಗಂಟೆ ಎಂದು ಕೊಳ ತೆರೆದರು. ಇಪ್ಪತ್ತು ಮೀಟರಿನ ಕೊಳ, ಐದು ಸಲ ಕೈ ಬೀಸಿದರೆ ಗೋಡೆ. ಹಾಗಾಗಿ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಏಣಿಗೆ ಬಿಗಿದೆವು. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಒಂದೇ ಜಾಗದಲ್ಲಿ ಒಂದು ಗಂಟೆ ಈಜುತ್ತಿದ್ದಳು. ನಾನು ದಡದಲ್ಲಿ ಮಾಸ್ಕ್ ಹಾಕಿಕೊಂಡು ಎಣಿಸುತ್ತಿದ್ದೆ. ಯಾವ ಊರಿನಲ್ಲೂ ಸ್ಪರ್ಧೆಯಿಲ್ಲ. ಹೊಸ ಟೈಮು ತಿಳಿಸಿ ಎಂದು ಬರೆದ ಕೋಚ್‌ಗಳಿಗೆ ತಿಳಿಸಲು ನಮ್ಮಲ್ಲಿ ಏನೂ ಇರಲಿಲ್ಲ. ಸಾಲದ್ದಕ್ಕೆ ಅಲ್ಲಿನ ಕಾಲೇಜುಗಳು ಆಗಲೇ ತಂಡದಲ್ಲಿದ್ದವರಿಗೆ ಇನ್ನೊಂದು ವರ್ಷ ಈಜಲು ಅವಕಾಶ ಕೊಟ್ಟುಬಿಟ್ಟವು, ಹೊಸಬರಿಗೆ ಇದ್ದ ಜಾಗವೂ ಕಡಿಮೆಯಾಯಿತು.

ಅಷ್ಟರಲ್ಲಿ ಗಣೇಶರ ಕಾಂಟ್ರಾಕ್ಟನ್ನು ಮುಂದುವರಿಸುವುದಿಲ್ಲ ಎಂದು ಕಂಪನಿಯವರು ಹೇಳಿದರು. ಮುಂದಿನ ವರ್ಷದ ಆಗಸ್ಟ್ ಕೊನೆಗೆ ಕೆಲಸ ಮುಗಿದರೆ ವೀಸಾವೂ ಮುಗಿದ ಹಾಗೆ, ಮೈಸೂರಿಗೆ ವಾಪಸ್ಸು. ಹುಡುಗಿ ಓದಿದ್ದೆಲ್ಲ ಅಮೆರಿಕದ ಪಠ್ಯ. ವಿದ್ಯಾರ್ಥಿವೇತನ ಸಿಕ್ಕರೆ ಅಲ್ಲಿಗೆ, ಇಲ್ಲದಿದ್ದರೆ ಎಲ್ಲಿಗೂ ಇಲ್ಲ. ಶೋಭಾ ಅತ್ತರು. ಗಣೇಶ್ ಅಳಲಿಲ್ಲ, ದಿನಕ್ಕೆ ನಾಲ್ಕು ಸಲ, ಮೇಲ್ ಬಂತಾ ಮೇಡಂ ಎಂದು ಕೇಳುವುದಕ್ಕೆ ಶುರುಮಾಡಿದರು.

ಅಕ್ಟೋಬರಿನಲ್ಲಿ ಮತ್ತೆ ಕೊಳ ಮುಚ್ಚಿದ ವಾರ ಆ ಮೇಲ್ ಬಂತು. ಪತ್ರಗಳನ್ನೆಲ್ಲ ನಾನು ನೋಡಿಕೊಳ್ಳಲಿ ಎಂದು ನಿತ್ಯಾಳ ಮೇಲ್ ನನ್ನ ಫೋನಿನಲ್ಲೂ ತೆರೆದುಕೊಳ್ಳುತ್ತಿತ್ತು. ಬೆಳಗಿನ ಕಾಫಿ ಕೈಯಲ್ಲಿ ಹಿಡಿದೇ ಓದಿದೆ. ಅಮೆರಿಕದ ಒಂದು ತಣ್ಣನೆಯ ಊರಿನ ಕೋಚ್. ನಾವು ಬರೆದಿದ್ದ ಪತ್ರದಲ್ಲಿ ಎರಡು ನಲವತ್ತೈದು ಎಂದು ಪ್ರಾಮಾಣಿಕವಾಗಿಯೇ ಇತ್ತು. ಆತ ಬರೆದದ್ದು ಹೀಗೆ: ನೀನು ಪತ್ರದಲ್ಲಿ ಹಳೆಯ ಟೈಮು ಹಾಕಿದ್ದೀಯ ಅನಿಸುತ್ತದೆ, ಫಲಿತಾಂಶಗಳ ಜಾಲತಾಣದಲ್ಲಿ ನಾನೇ ಹುಡುಕಿ ನೋಡಿದೆ, ಎರಡು ಮೂವತ್ತಾರು, ಇಷ್ಟು ಸಂಕೋಚ ಯಾಕೆ, ನಾವು ಮಾತಾಡೋಣ.

ಆ ಜಾಲತಾಣ ತೆರೆದು ನೋಡಿದೆ. ನಿತ್ಯಾ ಗಣೇಶ್, ಕ್ವಾಲಾಲಂಪುರ. ಹುಟ್ಟಿದ ವರ್ಷ ಒಂದೇ, ಈಜು ಒಂದೇ, ಹೆಸರಿನ ಒಂದಕ್ಷರವೂ ಬೇರೆಯಲ್ಲ. ಇಬ್ಬರ ಫಲಿತಾಂಶಗಳನ್ನೂ ಒಂದೇ ಪುಟದಲ್ಲಿ ಸೇರಿಸಿ, ಯಾರದು ಚೆನ್ನಾಗಿತ್ತೋ ಅದನ್ನು ತಲೆಯ ಮೇಲೆ ದಪ್ಪಕ್ಷರದಲ್ಲಿ ಹಾಕಿತ್ತು. ಕಾಫಿ ಆರಿಹೋಯಿತು. ತಪ್ಪಾಗಿದೆ ಎಂದು ಬರೆಯಲು ಅರ್ಧ ನಿಮಿಷ ಸಾಕಿತ್ತು. ನಾನು ಗಣೇಶರಿಗೆ ಫೋನ್ ಮಾಡಿದೆ.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. “ಮೇಡಂ, ನಾವೇನಾದ್ರೂ ಸುಳ್ಳು ಬರೆದ್ವಾ? ಇಲ್ವಲ್ಲ. ಅವ್ರೇ ಹುಡುಕಿದ್ರು, ಅವ್ರೇ ಓದ್ಕೊಂಡ್ರು. ಮಾತಾಡ್ಲಿ ಬಿಡಿ, ಮಗು ಹೇಗೆ ಅಂತ ಅವ್ರಿಗೇ ಗೊತ್ತಾಗುತ್ತೆ.”

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಹಾಗೆ. ಮಾತಾಡಲಿ, ಆಮೇಲೆ ಹೇಳೋಣ ಎಂದು ನನಗೂ ಅನ್ನಿಸಿತು. ಅನ್ನಿಸಿತು ಎನ್ನುವುದು ಸರಿಯಲ್ಲ. ಹಾಗೆ ಅನ್ನಿಸಲಿ ಎಂದು ನಾನೇ ಬಿಟ್ಟೆ. ನನ್ನ ಕೈಯಿಂದ ಒಬ್ಬಳಾದರೂ ಹೋಗಲಿ ಎಂಬ ಆಸೆ ನನಗೆ ಗಣೇಶರಷ್ಟೇ ಇತ್ತು. ಹತ್ತನೇ ಕ್ಲಾಸಿನಲ್ಲಿ ನಿಂತುಹೋದ ಈಜನ್ನು ಆ ಹುಡುಗಿಯ ಮೈಯಲ್ಲಿ ಮುಂದುವರಿಸುತ್ತಿದ್ದೆನೋ ಏನೋ.

ವಿಡಿಯೊ ಕರೆಯ ದಿನ ನಾನು ಅವರ ಮನೆಗೇ ಹೋಗಿದ್ದೆ. ಕ್ಯಾಮೆರಾಕ್ಕೆ ಕಾಣದ ಹಾಗೆ ಎದುರಿನ ಸೋಫಾದಲ್ಲಿ ಕೂತಿದ್ದೆ. ಕೋಚ್ ಒಳ್ಳೆಯ ಮನುಷ್ಯ, ಮಾತಿನಲ್ಲೇ ಗೊತ್ತಾಗುತ್ತಿತ್ತು. ಮನೆಯವರು ಹೇಗಿದ್ದೀರಿ, ಎಲ್ಲರೂ ಆರೋಗ್ಯವೇ ಎಂದು ಮೊದಲು ಕೇಳಿದ. ಆಮೇಲೆ ಆ ಎರಡು ಮೂವತ್ತಾರನ್ನು ಹೊಗಳಿದ. ನಿತ್ಯಾಳಿಗೆ ನಾವು ಏನೂ ಹೇಳಿರಲಿಲ್ಲ. ಅವಳು ಪರದೆಯಿಂದ ಕಣ್ಣೆತ್ತಿ ನನ್ನ ಕಡೆ ನೋಡಿದಳು. ಹದಿನೇಳು ವರ್ಷದ ಹುಡುಗಿ. ಅವಳಿಗೆ ತನ್ನ ಟೈಮು ತನ್ನ ಹೆಸರಿಗಿಂತ ಚೆನ್ನಾಗಿ ಗೊತ್ತು. ನಾನು ತಲೆ ಆಡಿಸಿದೆ, ತೀರಾ ಸ್ವಲ್ಪ. ಅವಳು ಪರದೆಯ ಕಡೆ ತಿರುಗಿ, ನಕ್ಕು, ಥ್ಯಾಂಕ್ಯೂ ಕೋಚ್ ಎಂದಳು.

ಕರೆ ಮುಗಿದ ಮೇಲೆ ಅವಳು ಏನನ್ನೂ ಕೇಳದೆ ತನ್ನ ಕೋಣೆಗೆ ಹೋದಳು. ಕೇಳಿದ್ದು ಶೋಭಾ. ಕಾಫಿ ಲೋಟಗಳನ್ನು ಎತ್ತಿಕೊಳ್ಳುತ್ತ, ಆ ಇನ್ನೊಂದು ಮಗು ಯಾರಂತೆ ಎಂದರು. ಗಣೇಶ್ ರಿಮೋಟು ಎತ್ತಿಕೊಂಡು ಟಿವಿ ಹಾಕಿದರು, ನಾನು ಚಪ್ಪಲಿ ಹುಡುಕಿದೆ. ಅವರೂ ಮತ್ತೆ ಕೇಳದೆ ಒಳಗೆ ಹೋದರು.

ಡಿಸೆಂಬರಿನ ಮಳೆಯಲ್ಲಿ ಕೋಚ್‌ನ ಇನ್ನೊಂದು ಮೇಲ್ ಬಂತು. ಈ ಸಲ ನಿತ್ಯಾಳಿಗಲ್ಲ, ಶಾಲೆಯ ವಿಳಾಸಕ್ಕೆ, ನನಗೆ. ವಿದ್ಯಾರ್ಥಿವೇತನದ ಕಾಗದಪತ್ರ ತಯಾರಾಗುತ್ತಿದೆ, ಅದರ ನಡುವೆ ಒಂದು ಗೊಂದಲ ಎಂದು ಬರೆದಿದ್ದ. ನಿತ್ಯಾ ಗಣೇಶ್ ಹೆಸರಿನಲ್ಲಿ ಬೇರೊಂದು ವಿಳಾಸದಿಂದಲೂ ನನಗೆ ಪತ್ರ ಬಂದಿದೆ, ಅದೇ ಊರು, ಅದೇ ಟೈಮು, ಲಗತ್ತಿಸಿರುವುದೂ ಅದೇ ಜಾಲತಾಣದ ಪುಟ. ಇದು ನಿಮ್ಮ ಹುಡುಗಿಯದೇ ಇನ್ನೊಂದು ವಿಳಾಸವೇ, ಅಥವಾ ಯಾರಾದರೂ ಅವಳ ಹೆಸರು ಬಳಸಿಕೊಳ್ಳುತ್ತಿದ್ದಾರೆಯೇ?

ಸ್ಪರ್ಧೆಯ ಪಟ್ಟಿಯ ಹಿಂಬದಿಯಲ್ಲಿ ನಾನೇ ಬರೆದುಕೊಟ್ಟ ಹತ್ತು ಹೆಸರುಗಳಲ್ಲಿ ಆ ಕಾಲೇಜೂ ಇತ್ತು.

ಇಡೀ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತೆ. ಅತ್ತ ದರಿ, ಇತ್ತ ಪುಲಿ. ನಿಜ ಬರೆದರೆ ನಮ್ಮ ನಿತ್ಯಾಳ ಜಾಗ ಹೋಗುತ್ತದೆ. ಹೋಗುವುದಷ್ಟೇ ಅಲ್ಲ, ಎರಡು ತಿಂಗಳು ಯಾಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಹೌದು, ಯಾರೋ ಅವಳ ಹೆಸರು ಬಳಸುತ್ತಿದ್ದಾರೆ ಎಂದು ಬರೆಯುವಷ್ಟು ಕೆಟ್ಟವಳು ನಾನಲ್ಲ ಎಂದುಕೊಂಡೆ. ನಾಲ್ಕು ಗಂಟೆಗೆ ಸೈರನ್ ಕೂಗುವಾಗ ಒಂದೇ ಒಂದು ಸಾಲು ಬರೆದು ಕಳಿಸಿದೆ: ‘ನಮ್ಮ ನಿತ್ಯಾಳ ವಿಳಾಸ ಇದೊಂದೇ, ದಯವಿಟ್ಟು ಇದಕ್ಕೇ ಬರೆಯಿರಿ.’

ಒಂದೊಂದು ಪದವೂ ನಿಜ. ನ್ಯಾಯಾಲಯದಲ್ಲಿ ಕೇಳಿದರೂ ನಿಜ. ಅದರಲ್ಲಿರುವ ‘ನಮ್ಮ’ ಎಂಬ ಪದವನ್ನು ಆಮೇಲೆ ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಇನ್ನೊಬ್ಬಳನ್ನು ಹೊರಗೆ ತಳ್ಳಲು ಬಾಗಿಲು ಹಾಕಬೇಕಿಲ್ಲ, ಆ ಒಂದು ಪದ ಸಾಕು.

ಫೆಬ್ರವರಿಯಲ್ಲಿ ವಿದ್ಯಾರ್ಥಿವೇತನದ ಪತ್ರ ಬಂತು. ಗಣೇಶ್ ಮಾಸ್ಕ್ ಹಾಕಿಕೊಂಡೇ ನಮ್ಮ ಮನೆಯ ಬಾಗಿಲಿಗೆ ಬಂದು ಮೈಸೂರುಪಾಕಿನ ಡಬ್ಬಿ ಕೆಳಗಿಟ್ಟು, ದೂರ ನಿಂತು ಕೈಮುಗಿದರು. ಆಗಸ್ಟಿನಲ್ಲಿ ನಿತ್ಯಾ ಹೋದಳು. ವಿಮಾನ ನಿಲ್ದಾಣಕ್ಕೆ ಹೋಗಲು ನಮಗೆ ಅನುಮತಿ ಇರಲಿಲ್ಲ. ಹನ್ನೆರಡನೇ ಮಹಡಿಯಿಂದ ಅವಳ ಕಾರಿಗೆ ಕೈಬೀಸಿದೆ.

ನಾನು ಬ್ರಿಕ್‌ಫೀಲ್ಡ್ಸ್‌ಗೆ ಹೋಗುವುದನ್ನು ಬಿಟ್ಟಿದ್ದೆ. ಕರಿಬೇವಿಗೂ ಸಾಂಬಾರು ಪುಡಿಗೂ ಬೇರೆ ಅಂಗಡಿ ಹುಡುಕಿಕೊಂಡೆ. ಆ ವರ್ಷ ಗೌರಿಹಬ್ಬಕ್ಕೆ ಮಲ್ಲಿಗೆ ಇರಲಿಲ್ಲ, ಯಾಕೆ ಎಂದು ಗಂಡ ಕೇಳಿದರೆ ಸಿಗಲಿಲ್ಲ ಎಂದೆ. ಲಸಿಕೆಗೆ ಹೋದಾಗ ಇನ್ನೊಂದು ಆಯಿತು. ದೊಡ್ಡ ಸಭಾಂಗಣ, ನೂರಾರು ಕುರ್ಚಿ, ಎಲ್ಲರ ಮುಖಕ್ಕೂ ಮಾಸ್ಕ್. ಸ್ವಯಂಸೇವಕಿಯೊಬ್ಬಳು ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದಳು. ನಿತ್ಯಾ ಎ/ಪಿ ಗಣೇಶ್ ಎಂದು ಕೂಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಎದ್ದು ಕಂಬದ ಹಿಂದೆ ಹೋಗಿ ನಿಂತೆ. ಇಣುಕಿ ನೋಡಿದರೆ ಐವತ್ತು ದಾಟಿದ ಒಬ್ಬ ಹೆಂಗಸು, ಕೈಚೀಲ ಸರಿಪಡಿಸಿಕೊಂಡು ನಿಧಾನವಾಗಿ ಎದ್ದು ಹೋಗುತ್ತಿದ್ದರು. ಆ ಊರಿನಲ್ಲಿ ಇನ್ನೂ ಎಷ್ಟು ನಿತ್ಯಾ ಗಣೇಶ್ ಇದ್ದರೋ. ನನಗೆ ಎಲ್ಲರೂ ಒಬ್ಬಳೇ ಆಗಿದ್ದರು.

ವರ್ಷದ ಕೊನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಅಮೆರಿಕದಿಂದ ನಿತ್ಯಾ ಫೋನ್ ಮಾಡಿದಳು. ಎಂದಿನಂತೆ ಇಂಗ್ಲಿಷಿನಲ್ಲಿ, ಹಿಮದ ಬಗ್ಗೆ, ಹಾಸ್ಟೆಲಿನ ಊಟದ ಬಗ್ಗೆ. ಇಲ್ಲಿಯವರೆಗೆ ಮೂರು ಸ್ಪರ್ಧೆಗಳಲ್ಲಿ ಈಜಿದ್ದಳಂತೆ, ಮೂರರಲ್ಲೂ ತಂಡದಲ್ಲಿ ಕೊನೆಯವಳು. ಕೋಚ್ ಬೈಯಲಿಲ್ಲವಂತೆ. ನಿನ್ನ ತಪ್ಪಲ್ಲ, ಕೊಳವಿಲ್ಲದ ಒಂದೂವರೆ ವರ್ಷ ನಿನ್ನ ವೇಗವನ್ನು ತಿಂದುಹಾಕಿದೆ, ವಾಪಸ್ಸು ತರೋಣ, ನನಗೆ ಅವಸರವಿಲ್ಲ ಎಂದನಂತೆ. ದಿನವೂ ಎಲ್ಲರೂ ಹೋದ ಮೇಲೆ ಅರ್ಧ ಗಂಟೆ ಅವಳೊಬ್ಬಳಿಗಾಗಿಯೇ ನಿಲ್ಲುತ್ತಾನಂತೆ. ತಂಡದ ಜಾಲತಾಣದಲ್ಲಿ ಅವಳ ಫೋಟೊ ಕೆಳಗೆ ಅದೇ ಎರಡು ಮೂವತ್ತಾರು. ಅಷ್ಟು ಹೇಳಿ ಅವಳು ಕೋಣೆಯ ಬಾಗಿಲು ಹಾಕಿದ ಸದ್ದು ಬಂತು. ಆಮೇಲೆ, ನನ್ನೊಡನೆ ಮೊದಲ ಬಾರಿಗೆ, ತಡವರಿಸುತ್ತ ಕನ್ನಡದಲ್ಲಿ ಕೇಳಿದಳು.

“ಆಂಟಿ, ಆ ಟೈಮ್ ನಂದು ಅಲ್ಲ. ಯಾರ್ದು?”

ನನ್ನ ಬಾಯಿಂದ ಬಂದದ್ದು, ಆಮೇಲೆ ಮಾತಾಡೋಣ ಪುಟ್ಟಾ. ಅವಳು ಹೂಂ ಎಂದು ಫೋನ್ ಇಟ್ಟಳು. ಇನ್ನೊಬ್ಬಳ ಟೈಮನ್ನು ಹಿಡಿಯಲು ದಿನವೂ ಅರ್ಧ ಗಂಟೆ ಹೆಚ್ಚು ಈಜುತ್ತಿರುವ ಆ ಮಗುವನ್ನು ನೆನೆದು ಅಂದು ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಒಬ್ಬಳಿಗೆ ಒಳ್ಳೆಯದು ಮಾಡಲು ಹೋಗಿ ಇಬ್ಬರನ್ನೂ ಹಾಳುಮಾಡಿದ್ದೆ.

ಮರುದಿನವೇ ಸಾರ್ವಜನಿಕ ಕೊಳಕ್ಕೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕು, ಕೋಚ್‌ಗೂ ಬರೆಯಬೇಕು, ಆದದ್ದಾಗಲಿ ಎಂದು ಗಟ್ಟಿ ಮಾಡಿಕೊಂಡೇ ಹೋದೆ. ಕಾರಿನಲ್ಲಿ ಮಾತುಗಳನ್ನು ತಮಿಳಿನಲ್ಲಿ ಹೊಂದಿಸಿಕೊಂಡೆ, ಇಂಗ್ಲಿಷಿನಲ್ಲೂ ಹೊಂದಿಸಿಕೊಂಡೆ. ಕೊಳದ ಆಳವಿಲ್ಲದ ತುದಿಯಲ್ಲಿ ಬ್ರಿಕ್‌ಫೀಲ್ಡ್ಸ್‌ನ ನಿತ್ಯಾ ಸಿಕ್ಕಳು. ಪುಟ್ಟ ಮಕ್ಕಳ ಸಾಲು ನಿಲ್ಲಿಸಿಕೊಂಡು ನೀರಿನಲ್ಲಿ ಗುಳ್ಳೆ ಊದುವುದನ್ನು ಕಲಿಸುತ್ತಿದ್ದಳು. ಎತ್ತರವಾಗಿದ್ದಳು, ಸ್ವಲ್ಪ ದಪ್ಪಗಾಗಿದ್ದಳು. ನನ್ನನ್ನು ನೋಡಿ ಅವಳ ಮುಖ ಅರಳಿತಲ್ಲ, ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ಮಕ್ಕಳನ್ನು ಕಳಿಸಿ ಬಂದು ಪಕ್ಕದಲ್ಲಿ ಕೂತಳು. ಆ ಊರಿನವರ ಹಾಗೆ ಮಾತಿನ ಕೊನೆಗೆ ‘ಲಾ’ ಸೇರಿಸುತ್ತ, ತಮಿಳು, ಇಂಗ್ಲಿಷು ಕಲಸಿ ಮಾತಾಡುತ್ತಿದ್ದಳು. ಸ್ಪರ್ಧೆಗೆ ಈಜುವುದನ್ನು ನಿಲ್ಲಿಸಿ ಒಂದು ವರ್ಷವಾಯಿತಂತೆ. ಅಪ್ಪನಿಗೆ ಕೋವಿಡ್ ಆಗಿ ಉಳಿದುಕೊಂಡಿದ್ದರು, ಆದರೆ ಹೂವಿನ ಅಂಗಡಿಯಲ್ಲಿ ಬಹಳ ಹೊತ್ತು ಕೂರಲಾಗುತ್ತಿರಲಿಲ್ಲ. ನಾನು ಕೊಟ್ಟ ಪಟ್ಟಿಯಲ್ಲಿದ್ದ ಹತ್ತು ಜನಕ್ಕೂ ಬರೆದಿದ್ದಳು. ಒಂಬತ್ತು ಜನ ಜಾಗವಿಲ್ಲ ಎಂದರು ಅ‌ಥವಾ ಉತ್ತರ ಕೊಡಲಿಲ್ಲ, ಅದಕ್ಕೆ ಬೇಜಾರಿಲ್ಲ ಎಂದಳು. ಆ ಒಬ್ಬ ಕೋಚ್ ಮಾತ್ರ ಮರುದಿನವೇ ತುಂಬ ಪ್ರೀತಿಯಿಂದ ಬರೆದಿದ್ದ. ಆಮೇಲೆ ಒಂದು ಮಾತಿಲ್ಲ. ಅವಳು ಮತ್ತೆ ಎರಡು ಸಲ ಬರೆದರೂ ಇಲ್ಲ.

“ಒಂದು ಕೇಳ್ಬೇಕು ಆಂಟಿ” ಎಂದು ಫೋನ್ ತೆಗೆದಳು. “ಅವ್ರು ಬರೆದಿದ್ರು, ಮತ್ತೆ ಬರೆದದ್ದು ಸಂತೋಷ ಅಂತ. ನಾನು ಬರೆದಿದ್ದೇ ಅದು ಮೊದಲ್ನೇ ಸಲ ಲಾ. ಮತ್ತೆ ಅಂತ ಯಾಕೆ ಅಂದ್ರು?”

ಹೇಳಬೇಕಾದ ಗಳಿಗೆ ಅದೇ. ಅಮೆರಿಕದವರು ಮಾತಾಡುವುದೇ ಹಾಗೆ, ಎಲ್ಲರಿಗೂ ಹಾಗೇ ಬರೆಯುತ್ತಾರೆ ಎಂದೆ.

ಅವಳು ತಲೆಯಾಡಿಸಿದಳು. ಆಮೇಲೆ ತಾನು ಕಳಿಸಿದ ಪತ್ರವನ್ನು ತೆರೆದು ಫೋನನ್ನು ನನ್ನ ಕೈಗೆ ಕೊಟ್ಟಳು. “ನಾನೇನೋ ತಪ್ಪು ಬರೆದಿದೀನಿ ಆಂಟಿ. ಒಂದು ವರ್ಷದಿಂದ ಓದ್ತಿದೀನಿ, ಎಲ್ಲಿ ಅಂತ ಗೊತ್ತಾಗ್ತಿಲ್ಲ. ನೀವು ನೋಡಿ ಹೇಳಿ.”

ಓದಿದೆ. ಅಪ್ಪನ ಅಂಗಡಿಯ ಬಗ್ಗೆ ಎರಡು ಸಾಲು, ಬೆಳಗಿನ ಐದೂವರೆಯ ಬಸ್ಸಿನ ಬಗ್ಗೆ ಒಂದು, ನೀರಿನೊಳಗೆ ಜಾರುವ ಆ ಗಳಿಗೆಯಲ್ಲಿ ತನಗೆ ಏನನ್ನಿಸುತ್ತದೆ ಎಂಬುದರ ಬಗ್ಗೆ ನಾಲ್ಕು. ನಾನು ಮಕ್ಕಳಿಗೆ ಬರೆಸಿದ ಯಾವ ಪತ್ರವೂ ಇಷ್ಟು ಚೆನ್ನಾಗಿರಲಿಲ್ಲ. ಇನ್ನೊಮ್ಮೆ ಮೊದಲಿಂದ ಓದಿದೆ. ಒಂದು ತಪ್ಪೂ ಇರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲಿ” ಎಂದೆ, ಎರಡನೇ ಸಾಲಿನಲ್ಲಿ ಬೆರಳಿಟ್ಟು, “ಇಲ್ಲೊಂದು ಕಾಮಾ ಬೇಕಿತ್ತು.”

ಅವಳು ಫೋನ್ ಇಸಕೊಂಡು ಆ ಸಾಲನ್ನು ತುಟಿ ಅಲ್ಲಾಡಿಸುತ್ತ ಓದಿದಳು. “ಹೌದು ಲಾ” ಎಂದಳು. “ನಾನು ನೋಡೇ ಇರಲಿಲ್ಲ. ಥ್ಯಾಂಕ್ಯೂ ಆಂಟಿ, ಈಗ ಸಮಾಧಾನ ಆಯ್ತು.”